ಸತ್ತ ಬಾವಿಯ ಮುಚ್ಚಳ

ಎಂಜಿನಿಯರನ ಮುಖ ಗುರುತು ಸಿಗುವಂತಿರಲಿಲ್ಲ. ನೈಸರ್ಗಿಕ ಅನಿಲ ತೆಗೆಯುವ ಬಾವಿಯ ಪಕ್ಕ, ನೆಲದ ಮೇಲೆ ಅಂಗಾತ ಬಿದ್ದಿದ್ದ. ದವಡೆ ಕಿವಿಯತ್ತ ಸರಿದಿತ್ತು. ಹತ್ತಿರದಲ್ಲೇ ಬಾವಿಯ ಕೊಳವೆಯ ಬಾಯಿಗೆ ತಿರುಗಿಸಿ ಹಾಕುವ ಕಬ್ಬಿಣದ ಮುಚ್ಚಳ. ಅದರ ಅಂಚಿಗೆ ರಕ್ತ, ಕೂದಲು.

"ಪರೀಕ್ಷೆ ಮಾಡ್ತೀನಿ ಅಂತ ಅವನೇ ವಾಲ್ವ್ ತೆಗೆದ, ಮೇಡಂ. ಒತ್ತಡಕ್ಕೆ ಮುಚ್ಚಳ ಹಾರಿತು," ಎಂದ ಮ್ಯಾನೇಜರ್. "ಓಡಿ ಬಂದು ವಾಲ್ವ್ ಮುಚ್ಚಿದವನು ನಾನು."

"ಮುಚ್ಚಳ ಬಿಗಿದವರು ಯಾರು?" ಇನ್ಸ್‌ಪೆಕ್ಟರ್ ಕೇಳಿದಳು.

ಮ್ಯಾನೇಜರ್ ಬೇಲಿಯತ್ತ ಗದ್ದ ಎತ್ತಿದ. ಅಲ್ಲಿ ಮೆಕ್ಯಾನಿಕ್ ಕುಸಿದು ಕುಳಿತಿದ್ದ. ಸತ್ತವನ ಸ್ವಂತ ಅಣ್ಣ. ತನ್ನ ಅಂಗೈಯನ್ನೇ ನೋಡುತ್ತಿದ್ದ.

"ಬಿಗಿಯಾಗೇ ತಿರುಗಿಸಿದ್ದೆ ಮೇಡಂ. ಇಲ್ವಾ? ನನ್ನ ಕೈಯಾರೆ ತಮ್ಮನ್ನ ಕೊಂದ್‌ಬಿಟ್ನಾ?"

"ಅವನಿಗೆ ಯಾರ ಜೊತೆಗಾದರೂ ಜಗಳ ಇತ್ತಾ?"

"ಬೆಳಿಗ್ಗೆ ಈ ಮ್ಯಾನೇಜರ್ ಸಾಹೇಬರ ಜೊತೆ. ಕೊಳವೆ ತುಂಬ ನೀರು, ಇನ್ನು ಗ್ಯಾಸ್ ಬರಲ್ಲ, ಬಾವಿ ಸತ್ತಿದೆ ಅಂದ. 'ಹೆಣದ ನಾಡಿ ಹಿಡ್ಕೊಂಡು ಕೂತಿದೀರಿ ಸಾರ್' ಅಂದ. ಎಲ್ಲರೂ ನಕ್ಕುಬಿಟ್ರು."

"ಪುಸ್ತಕದ ಬದನೆಕಾಯಿ!" ಮ್ಯಾನೇಜರ್ ಸಿಡಿದ. "ಆ ಮೀಟರ್ ನೋಡಿ. ಸತ್ತ ಬಾವಿಗೆ ಇಷ್ಟು ಒತ್ತಡ ಇರುತ್ತಾ?"

\* \* \*

ಇನ್ಸ್‌ಪೆಕ್ಟರ್ ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ. ಬಾವಿಯಲ್ಲಿ ಕೊಳವೆಯೊಳಗೊಂದು ಕೊಳವೆ. ಎರಡಕ್ಕೂ ಬೇರೆ ಬೇರೆ ಮೀಟರ್. ಹೊರಗಿನದರ ಮುಳ್ಳು ಮೇಲೇರಿತ್ತು. ಒಳಗಿನದು ಸೊನ್ನೆಯಲ್ಲಿತ್ತು.

"ಅದು ಕೆಟ್ಟಿದೆ," ಎಂದ ಮ್ಯಾನೇಜರ್.

"ಹಾಗಾದರೆ ಒಳಕೊಳವೆಯ ವಾಲ್ವ್ ತೆಗೆದೇ ನೋಡೋಣ."

"ಹುಚ್ಚಾ ನಿಮಗೆ? ತಲೆ ಹಾರಿಹೋಗುತ್ತೆ!" ಅವನು ಅಲ್ಲಿ ನಿಂತಿದ್ದ ಲಾರಿಯ ಹಿಂದೆ ಓಡಿ ಅಡಗಿದ.

ಅಣ್ಣ ಎದ್ದು ಬಂದ. ಬದುಕುವ ಆಸೆ ಅವನ ಮುಖದಲ್ಲಿ ಕಾಣಲಿಲ್ಲ. ವಾಲ್ವಿನ ಚಕ್ರ ತಿರುಗಿಸಿದ.

ಗುಳಗುಳ ಎಂದಿತು ಬಾವಿ. ಒಂದಿಷ್ಟು ನೀರು ಉಗುಳಿತು. ಸುಮ್ಮನಾಯಿತು.

\* \* \*

"ಅನಿಲ ಒಳಕೊಳವೆಯಿಂದ ಮೇಲೆ ಬರಬೇಕು," ಇನ್ಸ್‌ಪೆಕ್ಟರ್ ಹೇಳಿದಳು. "ಅದರಲ್ಲಿ ನೀರು ನಿಂತರೆ ಅನಿಲ ಕೆಳಗೇ ಸಿಕ್ಕಿಕೊಳ್ಳುತ್ತೆ. ಹೊರಗಿನ ಮುಳ್ಳು ಏರುತ್ತೆ, ಒಳಗಿನದು ಇಳಿಯುತ್ತೆ. ಎರಡರ ಅಂತರವೇ ಆ ನೀರಿನ ಭಾರ. ಎಂಜಿನಿಯರ್ ಅಂದಾಜು ಮಾಡಿದ್ದು ಅದನ್ನೇ."

"ನೀರು ಆಮೇಲೆ ತುಂಬಿರಬಹುದು!" ಎಂದ ಲಾರಿಯ ಹಿಂದಿನಿಂದ ಹೊರಬಂದ ಮ್ಯಾನೇಜರ್.

"ಅಷ್ಟು ನೀರು ಒಂದು ಮಧ್ಯಾಹ್ನದಲ್ಲಿ ತುಂಬಲ್ಲ. ಮುಚ್ಚಳದ ತಿರುಪಿನ ಹಲ್ಲು ನೋಡಿ. ಒಂದೂ ಕಿತ್ತುಹೋಗಿಲ್ಲ. ಅದು ಹಾರಿದ್ದಲ್ಲ, ಬಿಚ್ಚಿದ್ದು. ಬಿಚ್ಚಿ, ಅದರಿಂದಲೇ ಜಜ್ಜಿದಿರಿ. ವಾಲ್ವ್ ಯಾರೂ ತೆರೆಯಲೇ ಇಲ್ಲ. ತೆರೆದಿದ್ದರೆ ಬಾವಿ ಸತ್ತಿರೋದು ನಿಮಗೂ ಗೊತ್ತಾಗ್ತಿತ್ತು. ಎಂಜಿನಿಯರನ ಮಾತು ನಂಬಿದ್ದರೆ ಒತ್ತಡಕ್ಕೆ ಮುಚ್ಚಳ ಹಾರಿತು ಅಂತ ಕಥೆ ಕಟ್ಟುತ್ತಲೂ ಇರಲಿಲ್ಲ."

"ನಿನ್ನೆ ಮೊನ್ನೆ ಬಂದ ಹುಡುಗ!" ಮ್ಯಾನೇಜರ್ ಕಿರುಚಿದ. "ಎಲ್ಲರೆದುರು ನನ್ನ ನಗೆಪಾಟಲು ಮಾಡ್ತಾನಾ?"

ಅಣ್ಣ ಮೆಲ್ಲಗೆ ಕೇಳಿದ, "ಹಾಗಾದ್ರೆ ನನ್ನ ಕೈ..."

"ಬಿಗಿಯಾಗೇ ತಿರುಗಿಸಿತ್ತು."

ಅವನು ಮತ್ತೊಮ್ಮೆ ಅಂಗೈ ನೋಡಿಕೊಂಡ. ಅದನ್ನು ಮುಷ್ಟಿ ಕಟ್ಟಿದ. ಮೊದಲ ಏಟಿಗೇ ಮ್ಯಾನೇಜರನ ಮೂಗಿನ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

ಇನ್ಸ್‌ಪೆಕ್ಟರ್ ಸೊಂಟದ ಕೈಕೋಳಕ್ಕಾಗಿ ತಡಕಾಡಿದಳು. ಅದು ಕೈಗೆ ಸಿಗಲು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು.