ಕೋಳಿ ಹಿಡಿದು ಓಡಿದ ಹನಮಿ

"ಕೋಳಿ ಹಿಡಕೊಂಡು ಓಡಾಕ ಬರೂದಿಲ್ಲ ಅವ್ವಾ!"

ಹನಮಿ ಬಾಗಿಲಲ್ಲೇ ಕಾಲು ಅಪ್ಪಳಿಸಿದಳು. ಹೊರಗೆ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು. ಪರಕಾರದ ತುದಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಲು ತಯಾರಾಗಿ ನಿಂತಿದ್ದಳು ಅವಳು. ಎದುರಿಗೆ ಅವ್ವ ಸಾವಂತ್ರೆವ್ವ, ಕಾಲು ಕಟ್ಟಿದ ಕರೀ ಕೋಳಿಯೊಂದನ್ನು ಹಿಡಿದು ನಿಂತಿದ್ದಳು.

"ಯಾಕ ಬರೂದಿಲ್ಲ? ಬಗಲಾಗ ಅವುಚಿಕೊಂಡು ಓಡು. ದೊಡ್ಡವ್ವಗ ಕೊಟ್ಟು ಬಾ."

"ಮೊನ್ನಿ ಮಜ್ಜಿಗಿ ಅಂದಿ. ನಿನ್ನಿ ಜರಡಿ ಅಂದಿ. ನಾ ಓಡಾಕ ಹೊಂಟೀನೋ, ಸಂತಿ ಮಾಡಾಕ ಹೊಂಟೀನೋ?"

"ಹೋಗಾಕಿ ಅಂತೂ ಹೊಂಟಿ. ಹಂಗ ಒಯ್ದು ಕೊಟ್ರ ನಿನ್ನ ಕಾಲ ಸವೀತಾವೇನು?"

"ಕಾಲಲ್ಲ, ಕೈ! ಓಡುವಾಗ ಕೈ ಖಾಲಿ ಇರಬೇಕಂತ ಮಾಸ್ತರ್ರು ಹೇಳ್ಯಾರ!"

"ಮಾಸ್ತರ್ರು ಬಂದು ಕೋಳಿ ಒಯ್ದು ಕೊಡ್ತಾರೇನು?"

ಹನಮಿ ಸಿಡುಕುತ್ತಲೇ ಕೈ ಚಾಚಿದಳು. ಕೋಳಿ ಕೊಕ್ಕೊಕ್ಕೋ ಎಂದು ಬೈಯುತ್ತಾ ಅವಳ ಬಗಲು ಸೇರಿತು.

ಶಾಲೆಯ ಹಾಜರಿಯಲ್ಲಿ ಅವಳ ಹೆಸರು ಹನಮಂತವ್ವ. ಕುರ್ತಕೋಟಿಯ ಮಂದಿಗೆಲ್ಲ ಅವಳು ಹನಮಿ. ಎರಡು ತಿಂಗಳ ಹಿಂದೆ, ನವೆಂಬರ್ ಒಂದನೇ ತಾರೀಖಿಗೆ, ಅವರ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಕನ್ನಡದ ರಾಜ್ಯಕ್ಕೆ ಸೇರಿತ್ತು. ಅವತ್ತು ಶಾಲೆಯಲ್ಲಿ ಪೇಢೆ ಹಂಚಿದರು, ಮೆರವಣಿಗೆ ಮಾಡಿದರು, ಹುಡುಗರಿಗೆ ಓಟದ ಪಂದ್ಯ ಇಟ್ಟರು. ಹನಮಿಯನ್ನು ಯಾರೂ ಕರೆದಿರಲಿಲ್ಲ. ಅವಳೇ ನುಗ್ಗಿ ಓಡಿದಳು. ಓಡಿ ಎಲ್ಲ ಹುಡುಗರನ್ನೂ ಹಿಂದೆ ಹಾಕಿದಳು.

ಉಳವಪ್ಪ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು ನೋಡಿದ್ದರು. "ಜನವರಿ ಇಪ್ಪತ್ತಾರಕ್ಕ ಗದಗಿನ್ಯಾಗ ರೇಸ್ ಐತಿ. ಈ ಸಲ ಹೆಣ್ಣುಮಕ್ಕಳಿಗೂ ಇಟ್ಟಾರ. ನೀ ಹೋಗಬೇಕು. ದಿನಾ ಮುಂಜಾನಿ ಓಡು. ಕೈ ಖಾಲಿ ಇರಲಿ, ಮೂಗಿನ್ಯಾಗ ಉಸರ ತಗೋ," ಎಂದಿದ್ದರು.

ಆದರೆ ಕುರ್ತಕೋಟಿಯಲ್ಲಿ ಮೂಗಿನಿಂದ ಉಸಿರು ತೆಗೆದುಕೊಂಡು ಓಡುವುದು ಆಗದ ಮಾತು. ಯಾಕೆಂದರೆ ದಾರಿಯುದ್ದಕ್ಕೂ ಬಾಯಿ ತೆರೆದು ಉತ್ತರ ಹೇಳಬೇಕು. ಬಾವಿಯ ಹತ್ತಿರ ನೀರು ಸೇದುವವರು, "ಯಾಕವಾ, ಏನಾತು?" ಅನ್ನುತ್ತಾರೆ. ಎತ್ತು ಹೊಡೆದುಕೊಂಡು ಹೋಗುವವರು, "ಯಾರಿಗೇನಾತಬೇ?" ಅನ್ನುತ್ತಾರೆ. ಎಲ್ಲರಿಗಿಂತ ಹೆಚ್ಚು, ಕಟ್ಟೆಯ ಮೇಲೆ ಕಂಬಳಿ ಹೊದ್ದು, ಮುಂದೆ ಬೆಂಕಿ ಹಾಕಿಕೊಂಡು ಕೂತಿರುವ ಮುದಕಪ್ಪ ಮುತ್ಯಾ. ಹನಮಿಯ ಅಜ್ಜನ ತಮ್ಮ ಅವನು. ಅಜ್ಜ ತೀರಿಕೊಂಡ ಮೇಲೆ ಇವರ ಮನೆಯಲ್ಲಿ ಅವನು ಹೇಳಿದ್ದೇ ಮಾತು.

"ಯಾಕ ಓಡ್ತೀಯಬೇ ಹನಮಿ?"

"ದೊಡ್ಡವ್ವಗ ಕೋಳೀ, ಮುತ್ಯಾ!"

"ಹಾಂ, ಹಂಗನು? ಜಲ್ದಿ ಹೋಗು, ಹೋಗು!"

ದೊಡ್ಡವ್ವ ಅಂದರೆ ಅವ್ವನ ಅಕ್ಕ ದುರಗವ್ವ. ಅವಳ ಮನೆ ಊರಲ್ಲಿ ಇರಲಿಲ್ಲ. ಕಡಲೆ ಹೊಲಗಳನ್ನು ದಾಟಿ, ಹಳ್ಳ ಇಳಿದು ಹತ್ತಿ, ಜೋಳದ ಹೊಲದ ನಡುವೆ ಇತ್ತು. ಓಡುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕೈಯಲ್ಲಿ ಏನೂ ಇಲ್ಲದಿದ್ದರೆ!

ಮರುದಿನ ಮಜ್ಜಿಗೆ ಗಡಿಗೆ. ಅದರ ಮರುದಿನ ಮತ್ತೆ ಜರಡಿ. ಆಮೇಲೆ ಮೊರ. ಆಮೇಲೆ ಮತ್ತೆ ಕೋಳಿ. ಮೊರ ಗಾಳಿಗೆ ಮುಖಕ್ಕೆ ಬಡಿಯುತ್ತಿತ್ತು. ಮಜ್ಜಿಗೆ ತುಳುಕಿ ಪರಕಾರವೆಲ್ಲ ಹುಳಿ ವಾಸನೆ. ಕೋಳಿಯ ಬಗ್ಗೆ ಹೇಳದಿರುವುದೇ ಒಳ್ಳೆಯದು. ಹನಮಿಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. ಗದಗಿನ ಹುಡುಗಿಯರು ಈಗ ಮೈದಾನದಲ್ಲಿ ಕೈ ಬೀಸಿ ಓಡುತ್ತಿರುತ್ತಾರೆ. ತಾನು ಮಾತ್ರ ಇಲ್ಲಿ ಗಡಿಗೆ ಹೊತ್ತುಕೊಂಡು ಕುಂಟುತ್ತಿದ್ದೇನೆ. ಅವ್ವನಿಗೆ ಇಷ್ಟೂ ತಿಳಿಯುವುದಿಲ್ಲವೆ?

ಒಂದು ದಿನ ಹನಮಿ ಸಾಕಪ್ಪಾ ಸಾಕು ಅಂದುಕೊಂಡಳು. ಓಣಿಯ ತಿರುವಿನಲ್ಲಿ ಬೇವಿನ ಮರದ ಬುಡಕ್ಕೆ ಮಜ್ಜಿಗೆ ಗಡಿಗೆ ಇಟ್ಟಳು. ಆಚೆ ಈಚೆ ನೋಡಿದಳು. ಓಡಿದಳು.

ಆಹಾ! ಕೈ ಹಗುರ, ಮೈ ಹಗುರ. ಚಳಿಗಾಳಿ ಕಿವಿಯಲ್ಲಿ ಸುಂಯ್ ಅನ್ನುತ್ತಿತ್ತು. ಕಾಲುಗಳು ತಮ್ಮಷ್ಟಕ್ಕೆ ತಾವೇ ಮುಂದೆ ಮುಂದೆ ಹೋಗುತ್ತಿದ್ದವು. ಇಷ್ಟು ದಿನ ಓಡಿದ್ದು ಓಟವೇ ಅಲ್ಲ ಅನ್ನಿಸಿತು ಅವಳಿಗೆ.

"ಯಾಕಬೇ ಹನಮಿ? ಏನಾತು?" ಕಟ್ಟೆಯಿಂದ ಮುತ್ಯಾ ಕೂಗಿದ.

"ಏನಿಲ್ಲ ಮುತ್ಯಾ! ಸುಮ್ನ ಓಡಾಕತ್ತೀನಿ!"

"ಸುಮ್ನ?"

ಮುತ್ಯಾ ಕಂಬಳಿ ಒಗೆದು ಎದ್ದು ನಿಂತ. ಅವನ ಎಪ್ಪತ್ತು ವರ್ಷದ ಬದುಕಿನಲ್ಲಿ ಯಾರೂ ಸುಮ್ಮನೆ ಓಡಿದ್ದನ್ನು ಅವನು ಕಂಡಿರಲಿಲ್ಲ. "ಲೇ, ಏಳ್ರಲೇ! ದುರಗವ್ವನ ಮನ್ಯಾಗ ಏನೋ ಆಗೇತಿ! ಹುಡುಗಿ ಹೆದರಿ ಬಾಯಿಗಿ ಬಂದದ್ದು ಹೇಳಾಕತ್ತೈತಿ!"

ಕಟ್ಟೆಯ ಮೇಲಿದ್ದವರೆಲ್ಲ ಎದ್ದರು. ಯಾರೋ ಬಣವೆಗೆ ಬೆಂಕಿ ಬಿದ್ದಿದೆ ಅಂದರು. ಇನ್ನೊಬ್ಬರು ಅದನ್ನೇ ನಿಜ ಅಂದುಕೊಂಡು, ಕೊಡ ಹಿಡಿದುಕೊಂಡು ಓಡಿದರು. ಹನಮಿ ದೊಡ್ಡವ್ವನ ಅಂಗಳ ಮುಟ್ಟಿ ಹಿಂತಿರುಗಿ ನೋಡಿದರೆ, ಅರ್ಧ ಊರೇ ಏದುಸಿರು ಬಿಡುತ್ತಾ ಹಳ್ಳ ಹತ್ತುತ್ತಿತ್ತು.

ದೊಡ್ಡವ್ವ ಬೂದಿಯಲ್ಲಿ ಹಲ್ಲು ತಿಕ್ಕುತ್ತಾ ನಿಂತಿದ್ದಳು.

"ಎಲ್ಲೈತಿ ಬೆಂಕಿ?"

"ಯಾವ ಬೆಂಕಿ?"

ಎಲ್ಲರೂ ಹನಮಿಯನ್ನು ನೋಡಿದರು. ಹನಮಿ ನೆಲ ನೋಡಿದಳು. ಅತ್ತ ಬೇವಿನ ಮರದ ಕೆಳಗೆ ನಾಯಿಯೊಂದು ಮಜ್ಜಿಗೆ ಕುಡಿದು ಮುಗಿಸಿತ್ತು.

ಸಂಜೆ ಮುದಕಪ್ಪ ಮುತ್ಯಾ ಮನೆಗೆ ಬಂದ. ಹನಮಿಯ ಅಪ್ಪ ಗಾಳೆಪ್ಪ ಎದ್ದು ಜಾಗ ಬಿಟ್ಟು ನಿಂತ.

"ಕೆಲಸಕ್ಕ ಓಡಿದ್ರ ಓಡ್ಲಿ, ಯಾರ ಬ್ಯಾಡಂತಾರ?" ಅಂದ ಮುತ್ಯಾ. "ಹೆಣ್ಣುಹುಡುಗಿ ಬರಿಗೈಲೆ ಊರ ತುಂಬ ಓಡೂದಂದ್ರ ಏನದು? ನಾಳೆ ಮಂದಿ ಏನಂದಾರು? ಸಾಕು, ಓಟ ಗೀಟ ಬಂದ್ ಮಾಡ್ಸು."

"ಆತ ಕಾಕಾ," ಅಂದ ಅಪ್ಪ.

ಆತ! ಅಷ್ಟೇ! ಗದಗಿನ ರೇಸ್ ಒಂದೇ ಮಾತಿಗೆ ಮುಗಿದುಹೋಯಿತು. ಕಂಬದ ಹಿಂದೆ ನಿಂತ ಹನಮಿ ಎಲ್ಲ ಕೇಳಿಸಿಕೊಂಡಳು.

ಆಗ ಒಳಗಿನಿಂದ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾ ಬಂದಳು. "ಮಾವಾರ, ತಪ್ಪ ನಂದ ಐತಿ. ಮಜ್ಜಿಗಿ ಕೊಟ್ಟು ಬಾ ಅಂದಿದ್ನಿ, ಹುಡುಗಿ ಮರತು ಓಡೈತಿ. ನಮ್ಮಕ್ಕಗ ಈಗೀಗ ಕೈಲಾಗವಲ್ದು. ದಿನಾ ಏನರ ಒಯ್ದು ಕೊಡಬೇಕು. ನಡಕೋತ ಹೋದ್ರ ಶಾಲಿಗಿ ಹೊತ್ತಾಗತೈತಿ. ಅದಕ್ಕ ಓಡ್ತೈತ್ರಿ."

ಮುತ್ಯಾ ಗಡ್ಡ ಕೆರೆದುಕೊಂಡ. "ಕೆಲಸ ಐತಂದ್ರ ಅದು ಬ್ಯಾರೆ ಮಾತು," ಅಂದು ಎದ್ದು ಹೋದ.

ಹನಮಿಗೆ ಜೀವ ಬಂದಂತಾಯಿತು. ಆದರೆ ಮರುದಿನ ಮುಂಜಾನೆ ಅವ್ವ ಕೈಗೆ ಕೊಟ್ಟದ್ದು ಏನು ಗೊತ್ತೆ? ಕುಂಬಳಕಾಯಿ! ತಲೆಯಷ್ಟು ದಪ್ಪದ್ದು!

"ಅವ್ವಾ, ಇದನ್ನ ಹಿಡಕೊಂಡು ಯಾರರ ಓಡತಾರೇನು?"

"ಓಡು ಅಂದ್ರ ಓಡು. ಬಗಲಾಗ ಮುಚ್ಚಿ ಹಿಡಿಬ್ಯಾಡ. ಕಾಯಿ ಎಲ್ಲಾರಿಗೂ ಕಾಣೂ ಹಂಗ ಹಿಡಿ," ಎಂದು ಅವ್ವ ಬಾಗಿಲು ಮುಂದೆ ಮಾಡಿದಳು.

ಇದು ಬೇಕಂತಲೇ ಕೊಟ್ಟ ಶಿಕ್ಷೆ ಎಂದು ಹನಮಿ ತೀರ್ಮಾನಿಸಿದಳು. ಹಲ್ಲು ಕಚ್ಚಿ ಓಡಿದಳು. ದೊಡ್ಡವ್ವನ ಕಟ್ಟೆಯ ಮೇಲೆ ಕಾಯಿಯನ್ನು ಧೊಪ್ಪನೆ ಇಟ್ಟಳು.

"ತಗೋ ನಿನ್ನ ಕುಂಬಳಕಾಯಿ! ನಿನಗ ಕೈಲಾಗವಲ್ದಂತ, ನನ್ನ ಜೀವಾ ತಿನ್ನಾಕತ್ತಾಳ ಅವ್ವ!"

ದೊಡ್ಡವ್ವ ತಲೆಯ ಮೇಲಿನ ಮೇವಿನ ಹೊರೆಯನ್ನು ಕೆಳಗೆ ಒಗೆದಳು. "ನನಗ ಕೈಲಾಗವಲ್ದಾ? ಯಾವಾಕಿ ಅಂದಾಕಿ? ಮತ್ತ ಈ ಕಾಯಿ ನಂದ ಐತಿ! ನಮ್ಮ ಹಿತ್ತಲದ್ದು! ನಿನ್ನಿ ಸಂಜೀಕ ನನ್ನ ಮಗನ ಚಕ್ಕಡ್ಯಾಗ ನಿಮ್ಮವ್ವ ತಾನ ತರಿಸ್ಕೊಂಡಾಳ!"

"ಆಂ?"

"ದಿನಾ ಇದ ಹಾಡು. ಮುಂಜಾನಿ ನೀ ತರ್ತಿ. ಸಂಜೀಕ ನನ್ನ ಮಗ ಹಿತ್ತಲ ಬಾಗಲಿಗಿ ವಾಪಸ್ ಒಯ್ದು ಮುಟ್ಟಸ್ತಾನ. ಜರಡಿ ಹಂಗ, ಮೊರ ಹಂಗ. ಆ ಕೋಳಿಗಂತೂ ತನ್ನ ಮನಿ ಯಾವುದಂತ ತಿಳೀದ ತತ್ತಿ ಇಡೂದ ಬಿಟ್ಟೈತಿ!"

"ಮತ್ತ ಯಾಕ ಕಳಸ್ತಾಳ?"

ದೊಡ್ಡವ್ವ ಸೊಂಟದ ಮೇಲೆ ಕೈಯಿಟ್ಟು ಹನಮಿಯನ್ನು ನೋಡಿದಳು. ದಡ್ಡಿಯೊಬ್ಬಳನ್ನು ನೋಡುವ ಹಾಗೆ ನೋಡಿದಳು. "ಕೈಯಾಗ ಕೋಳಿ ಇದ್ದಾಗ ದಾರ್ಯಾಗ ನಿನ್ನ ಒಬ್ಬರರ ತಡದಾರೇನು?"

ಹನಮಿ ಕಟ್ಟೆಯ ಮೇಲಿನ ಕುಂಬಳಕಾಯಿಯನ್ನು ಮತ್ತೊಮ್ಮೆ ನೋಡಿದಳು.

ಮರುದಿನದಿಂದ ಅವ್ವ ಕೊಟ್ಟದ್ದನ್ನು ಅವಳು ತಕರಾರಿಲ್ಲದೆ, ಎಲ್ಲರಿಗೂ ಕಾಣುವ ಹಾಗೆ ಹಿಡಿದು ಓಡಿದಳು. ಜನವರಿ ಇಪ್ಪತ್ತೈದರ ಸಂಜೆ ಅವ್ವ ಅಪ್ಪನ ಮುಂದೆ ರೊಟ್ಟಿ ಇಡುತ್ತಾ, "ಹಂಚು ಒಡದೈತಿ, ನಾಳಿ ಗದಗಿಗಿ ಹೋಗಿ ಹೊಸಾದು ತರ್ತೀನಿ. ಒಬ್ಬಾಕಿ ಹ್ಯಾಂಗ ಹೋಗ್ಲಿ, ಹನಮೀನ ಕರಕೊಂಡು ಹೋಗ್ತೀನಿ," ಅಂದಾಗ ಹನಮಿ ತಟ್ಟೆಯಿಂದ ತಲೆ ಎತ್ತಲಿಲ್ಲ. ರೊಟ್ಟಿ ಸುಡುವ ಆ ಮಣ್ಣಿನ ಹಂಚು ಮಧ್ಯಾಹ್ನದವರೆಗೂ ಗಟ್ಟಿಯಾಗಿಯೇ ಇತ್ತು.

ಮರುದಿನ ಹೊರಡುವ ಹೊತ್ತಿಗೆ ಕಟ್ಟಿದ ಆಕಳು ಬಿಚ್ಚಿಕೊಂಡಿತು. ಅದನ್ನು ಹಿಡಿದು ಕಟ್ಟುವಷ್ಟರಲ್ಲಿ ಊರ ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಅದು ಹೋದರೆ ಇನ್ನು ಮಧ್ಯಾಹ್ನವೇ. ಮಧ್ಯಾಹ್ನದ ಹೊತ್ತಿಗೆ ರೇಸ್ ಮುಗಿದೇ ಹೋಗಿರುತ್ತದೆ.

"ಓಡು!" ಅಂದಳು ಅವ್ವ.

ಹನಮಿ ಓಡಿದಳು. ಊರ ಹುಡುಗರನ್ನೆಲ್ಲ ಸೋಲಿಸಿದ ಹನಮಿ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಓಡಿದಳು. ಆದರೆ ಅವಳ ಪಕ್ಕದಿಂದ ಹಸಿರು ಸೀರೆಯೊಂದು ಸರ್‍ರನೆ ಮುಂದೆ ಹೋಯಿತು. ಅವ್ವ! ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ತಲೆಯ ಸೆರಗು ಬಿದ್ದದ್ದೂ ಗೊತ್ತಿಲ್ಲದೆ ಓಡುತ್ತಿದ್ದಳು. ಹನಮಿ ಎಷ್ಟು ಹೆಣಗಿದರೂ ಅವಳನ್ನು ಮುಟ್ಟಲು ಆಗಲಿಲ್ಲ.

"ಯಾಕ ಸಾವಂತ್ರೆವ್ವಾ? ಏನಾತಬೇ?" ಮುತ್ಯಾ ಕಟ್ಟೆಯಿಂದ ಕೂಗಿದ.

"ಹಂಚು ಒಡದೈತ್ರೀ ಮಾವಾರ!"

ಬಸ್ಸು ಸಿಕ್ಕಿತು.

ಗದಗಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಬೆಟಗೇರಿಯಿಂದ, ಮುಂಡರಗಿಯಿಂದ, ಲಕ್ಷ್ಮೇಶ್ವರದಿಂದ ಹುಡುಗಿಯರು ಬಂದಿದ್ದರು. ಒಬ್ಬಳ ಕಾಲಲ್ಲಿ ಬಿಳಿ ಬೂಟು ಇದ್ದವು. ಸೀಟಿ ಊದಿದರು. ಹನಮಿ ಓಡಿದಳು. ಆದರೆ ಇದೇನು? ಎಲ್ಲರೂ ಎರಡೂ ಕೈ ಬೀಸುತ್ತಿದ್ದರೆ, ಅವಳ ಎಡಗೈ ಮಾತ್ರ ಬಗಲಿಗೆ ಅಂಟಿಕೊಂಡು ಕೂತಿತ್ತು. ಇಲ್ಲದ ಕೋಳಿಯನ್ನು ಭದ್ರವಾಗಿ ಹಿಡಿದುಕೊಂಡಿತ್ತು. ನೋಡುತ್ತಿದ್ದವರು ಹೋ ಎಂದು ನಕ್ಕರು.

"ಕೈ ಬಿಡು ಹನಮಿ! ಕೈ ಬಿಡು!" ಉಳವಪ್ಪ ಮಾಸ್ತರರು ಗೆರೆಯುದ್ದಕ್ಕೂ ತಾವೇ ಓಡುತ್ತಾ ಅರಚಿದರು.

ಕೈ ಬಿಡಬೇಕೆಂದು ಅವಳಿಗೆ ನೆನಪಾಗುವಷ್ಟರಲ್ಲಿ ಅರ್ಧ ಓಟ ಮುಗಿದಿತ್ತು. ಕೈ ಬಿಟ್ಟಳು. ಒಬ್ಬೊಬ್ಬರನ್ನೇ ದಾಟಿದಳು. ಬಿಳಿ ಬೂಟಿನವಳೊಬ್ಬಳು ಮಾತ್ರ ಉಳಿದಳು. ಅವಳು ಫಸ್ಟ್ ಬಂದಳು, ಹನಮಿ ಸೆಕೆಂಡ್.

ಬಹುಮಾನ ಒಂದು ಸಾಬೂನಿನ ಡಬ್ಬಿ. ಒಳಗೆ ಸಾಬೂನು ಇರಲಿಲ್ಲ. "ಬರೋ ವರ್ಷ ನೀನ ಫಸ್ಟ್, ಬರದ ಇಟ್ಕೋ," ಎಂದು ಮಾಸ್ತರರು ಬೆನ್ನು ತಟ್ಟಿದರು.

ತಿರುಗಿ ಬರುವ ಬಸ್ಸಿನಲ್ಲಿ ಹನಮಿ ಕಿಟಕಿಯ ಹತ್ತಿರ ಕೂತಿದ್ದಳು. ಅವ್ವ ಹೊಸ ಹಂಚನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಅವ್ವಾ, ನೀ ಸಣ್ಣಾಕಿದ್ದಾಗ ಓಡತಿದ್ದೇನು?"

"ಓಡತಿದ್ನಿ."

"ಜೋರ ಓಡತಿದ್ದೇನು?"

"ನಮ್ಮೂರ ಹುಡುಗರು ಯಾರೂ ನನ್ನ ಹಿಡೀತಿದ್ದಿಲ್ಲ."

"ಮತ್ತ ಯಾಕ ಬಿಟ್ಟಿ?"

ಅವ್ವ ಹಂಚಿನ ಅಂಚಿನ ಮಣ್ಣನ್ನು ಬೆರಳಿನಿಂದ ಒರೆಸಿದಳು. "ಒಂದಿನ ಬರಿಗೈಲೆ ಓಡಿದ್ನಿ. ಮನ್ಯಾಗ ಹಿರ್‍ಯಾರು ನೋಡಿದ್ರು."

"ಆಮ್ಯಾಲ?"

"ಆಮ್ಯಾಲೇನು, ಆ ಸುಗ್ಗಿ ಮುಗಿಯೂದ್ರಾಗ ನನ್ನ ಮದವಿ ಮಾಡಿದ್ರು. ನಿನಗಿಂತ ಒಂದೀಟ ದೊಡ್ಡಾಕಿದ್ನಿ, ಅಷ್ಟ."

ಸಂಜೆಗೆ ಏನು ಅಡುಗೆ ಎಂದು ಹೇಳುವ ಹಾಗೆ ಹೇಳಿದಳು ಅವ್ವ. ಆಮೇಲೆ ಬಸ್ಸು ಕುಲುಕಿದ್ದಕ್ಕೆ ಡ್ರೈವರನನ್ನು ಬೈದಳು.

ಹೊರಗೆ ಕುಸುಬೆಯ ಹೊಲಗಳು, ಜೋಳದ ಹೊಲಗಳು ಹಿಂದೆ ಹಿಂದೆ ಹೋಗುತ್ತಿದ್ದವು. ಊರು ಹತ್ತಿರ ಬಂತು.

"ಅವ್ವಾ."

"ಹೂಂ?"

"ನಾಳಿ ಮುಂಜಾನಿ ದೊಡ್ಡವ್ವಗ ಏನ್ ಕೊಟ್ಟು ಬರ್ಲಿ?"