ಕೊನೆಯ ಬೋಗಿಯ ಹತ್ತಿರ

“ಮೇಡಂ, ಸ್ವಲ್ಪ ಸರೀರಿ! ರೀ... ಸರೀರಿ ಅಂದ್ನಲ್ಲ!”

ಶಿವಮೊಗ್ಗ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮೇಲೆ ನಿಂತಿದ್ದ ಅರ್ಷಿಯಾ ಬೆಚ್ಚಿ ತಿರುಗಿದಳು. ಸಂಜೆಯ ರೈಲು ಒಳಗೆ ಬರುತ್ತಿತ್ತು. ಹತ್ತು ಹೆಜ್ಜೆ ದೂರದಲ್ಲಿ ಒಬ್ಬ ಗಂಡಸು ಮೊಣಕಾಲೂರಿ ಕೂತು, ಕ್ಯಾಮೆರಾವನ್ನು ನೇರ ಅವಳತ್ತ ಹಿಡಿದಿದ್ದ!

ಕ್ಲಿಕ್!

ಅವಳ ಮೈಯೆಲ್ಲ ಉರಿದುಹೋಯಿತು.

“ಯಾರನ್ನ ಕೇಳಿ ನನ್ನ ಫೋಟೋ ತೆಗೆದ್ರಿ? ಡಿಲೀಟ್ ಮಾಡಿ. ಈಗ್ಲೇ!”

“ನಿಮ್ಮ ಫೋಟೋನಾ?” ಅವನ ಮುಖ ಅಳುವಂತಾಗಿತ್ತು. “ಈ ಎಂಜಿನ್‌ಗೆ ಮೂರು ತಿಂಗಳಿಂದ ಕಾಯ್ತಿದ್ದೆ ಮೇಡಂ! ನೋಡಿ... ನಿಮ್ಮ ದುಪಟ್ಟಾ ಸರಿಯಾಗಿ ನಂಬರ್ ಮೇಲೇ ಹಾರಿದೆ!”

ಅವಳು ಕ್ಯಾಮೆರಾ ಕಸಿದುಕೊಂಡು ನೋಡಿದಳು. ಪರದೆಯ ತುಂಬ ಹಳೆಯ ಡೀಸೆಲ್ ಎಂಜಿನ್ನು. ಅದರ ಹಣೆಗೆ ಅಡ್ಡವಾಗಿ ಅವಳ ಹಸಿರು ದುಪಟ್ಟಾದ ಅಂಚು. ಅವಳದು ಒಂದು ಕಿವಿ ಕೂಡ ಅದರಲ್ಲಿ ಇರಲಿಲ್ಲ.

ಸುತ್ತ ನಾಲ್ಕು ಜನ ಸೇರಿದರು. ಕಡ್ಲೆಕಾಯಿ ಮಾರುವ ವೀರಮ್ಮ ಬುಟ್ಟಿ ಇಳಿಸದೆಯೇ ತೀರ್ಪು ಕೊಟ್ಟಳು.

“ಬಿಡವ್ವ ಅವನ್ನ. ಅವ್ನ ಕಣ್ಣಿಗೆ ಹೆಂಗಸ್ರು ಬೀಳಲ್ಲ. ಬರೀ ಇಂಜಿನ್ ನೋಡ್ತಾನೆ, ಪಾಪ.”

ಜನ ನಕ್ಕರು. ಅರ್ಷಿಯಾ ಕ್ಯಾಮೆರಾ ಹಿಂತಿರುಗಿಸಿ, ಎಂಜಿನ್ನಿನ ಹಿಂದಿನ ಮೊದಲ ಬೋಗಿ ಹತ್ತಿದಳು. ಭದ್ರಾವತಿ ಬರುವವರೆಗೂ ಕಿವಿ ಬಿಸಿಯಾಗಿಯೇ ಇತ್ತು.

ಮರುದಿನ ಅವನು ಕಿಟಕಿಯ ಬಳಿ ಬಂದ. ಕೈಯಲ್ಲಿ ಕಡ್ಲೆಕಾಯಿಯ ಪೊಟ್ಟಣ.

“ನಿನ್ನೆ ಕೂಗಾಡ್ಬಿಟ್ಟೆ, ಸಾರಿ. ನಾನು ರಾಹಿಲ್. ರಾಗಿಗುಡ್ಡದ ಹತ್ರ ಡೀಸೆಲ್ ಪಂಪ್ ರಿಪೇರಿ ಮಾಡ್ತೀನಿ.”

“ಡೀಸೆಲ್ ಸಾಕಾಗಲ್ವಾ ಹಗಲೆಲ್ಲ? ಸಂಜೆಗೂ ಅದೇನಾ?”

“ಲೈನ್ ಮೇಲೆ ಕರೆಂಟ್ ತಂತಿ ಬಂತಲ್ಲ... ಇನ್ನು ಎಷ್ಟು ದಿನ ಈ ಎಂಜಿನ್ ಬರ್ತವೋ. ಅದಕ್ಕೇ ಬರೆದಿಡ್ತೀನಿ.” ಅವನು ಎಣ್ಣೆ ಕಲೆಯ ನೋಟ್‌ಬುಕ್ ತೋರಿಸಿದ. ಸಾಲುಸಾಲು ಎಂಜಿನ್ ನಂಬರುಗಳು, ದಿನಾಂಕಗಳು. “ನಂದೊಂದು ನಿಯಮ. ಓಡ್ತಿರೋ ಎಂಜಿನ್, ನಂಬರ್ ಕಾಣೋ ಹಾಗೆ ಫೋಟೋ ಸಿಕ್ಕಿದ್ರೆ ಮಾತ್ರ ಬುಕ್ಕಿಗೆ. ನಿಂತಿರೋದನ್ನ ಯಾರು ಬೇಕಾದ್ರೂ ತೆಗೀತಾರೆ.”

“ಹಾಗಾದ್ರೆ ನಿನ್ನೇದು?”

“ನಿನ್ನೇದು... ಖಾಲಿ.”

ಅವನು ನಿಜವಾಗಿಯೂ ಒಂದು ಸಾಲು ಖಾಲಿ ಬಿಟ್ಟಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ.

“ನಮ್ಮ ಅಬ್ಬಾ ರೈಲ್ವೆ ಗೇಟ್‌ಮನ್ ಆಗಿದ್ರು. ಮೂವತ್ತೈದು ವರ್ಷ.”

ಅವನ ಕಣ್ಣು ಮೊದಲ ಸಲ ಎಂಜಿನ್ ಬಿಟ್ಟು ಅವಳ ಮುಖದ ಮೇಲೆ ನಿಂತಿತು.

“ಯಾವ ಗೇಟು?!”

ಹಾಗೆ ಶುರುವಾಯಿತು.

ಭಾನುವಾರ ಬಂದರೆ ರಾಹಿಲ್ ಭದ್ರಾವತಿಯ ಅವರ ಮನೆಯ ಜಗುಲಿಯ ಮೇಲೆ ಇರುತ್ತಿದ್ದ. ಅವಳ ತಂದೆ ಅಬ್ದುಲ್ ವಹಾಬ್ ಕಾಯ್ದಿದ್ದ ಗೇಟನ್ನು ಮುಚ್ಚಿ, ಕೆಳಗೆ ಅಂಡರ್‌ಪಾಸ್ ಮಾಡಿ ವರ್ಷಗಳಾಗಿದ್ದವು. ಆ ಗೇಟಿನ ಬಗ್ಗೆ ಕೇಳುವವರೇ ಇರಲಿಲ್ಲ. ಈಗ ಒಬ್ಬ ಬಂದು ಕೂತು ಕಿರಿದಾದ ಮೀಟರ್ ಗೇಜ್ ಹಳಿಯ ಕಾಲದ್ದೆಲ್ಲ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ.

“ಊರೆಲ್ಲ ಎಂಜಿನ್ ನೋಡುತ್ತೆ ಬೇಟಾ,” ಎನ್ನುತ್ತಿದ್ದರು ವಹಾಬ್. “ಗೇಟ್‌ಮನ್ ನೋಡ್ಬೇಕಾಗಿದ್ದು ಕೊನೇ ಬೋಗಿ. ಅದರ ಬೆನ್ನ ಮೇಲಿನ ಗುರುತು ಕಂಡ್ಮೇಲೇ ಗಾಡಿ ಪೂರ್ತಿ ಬಂತು ಅಂತ. ಅದು ಕಾಣೋವರೆಗೂ ಗೇಟ್ ತೆಗೆಯೋ ಹಾಗಿಲ್ಲ.” ಆಮೇಲೆ ದನಿ ತಗ್ಗಿಸಿ, “ಈ ಅರ್ಷಿಯಾ ಹುಟ್ಟಿದಾಗ ನಾನು ಡ್ಯೂಟೀಲಿದ್ದೆ. ಗೇಟ್ ಬಿಟ್ಟು ಬರೋ ಹಾಗಿರ್ಲಿಲ್ಲ. ಗೂಡ್ಸ್ ಗಾಡಿ ಗಾರ್ಡ್ ಜನಾರ್ದನ ಹಿಂದಿನ ಬೋಗಿಯಿಂದ ಕೂಗಿದ... ‘ವಹಾಬಣ್ಣ, ಹೆಣ್ಣು ಮಗು!’ ಸುದ್ದಿ ಕೊನೇ ಬೋಗೀಲೇ ಬಂತು ನೋಡು.”

ಒಳಗೆ ಚಹಾ ಸೋಸುತ್ತಿದ್ದ ಅಮ್ಮಿಗೆ ಒಂದೇ ಚಿಂತೆ. “ನಂಬರ್ ಬರ್ಕೊಂಡ್ರೆ ಏನ್ ಸಿಗುತ್ತೆ ಅಂತೀನಿ?”

“ಏನೂ ಇಲ್ಲ ಚಾಚಿ!” ರಾಹಿಲ್ ಹೊರಗಿನಿಂದಲೇ ನಗುತ್ತಿದ್ದ. “ಇಂಗ್ಲೆಂಡಲ್ಲಿ ತಾತಂದಿರು ಫ್ಲಾಸ್ಕಲ್ಲಿ ಚಹಾ ತಗೊಂಡು, ಪ್ಲಾಟ್‌ಫಾರ್ಮ್ ತುದೀಲಿ ದಿನವಿಡೀ ನಿಂತಿರ್ತಾರಂತೆ, ಬರೀ ನಂಬರ್ ಬರ್ಕೊಳ್ಳೋಕೆ. ಅವರೂರಿನ ಹಳೇ ಸ್ಟೇಷನ್ ನೆನಪೆಲ್ಲ ಅವರ ಹತ್ರಾನೇ ಇರೋದು. ನಮ್ಮೂರಿಗೂ ಒಬ್ಬ ಹುಚ್ಚ ಬೇಡ್ವಾ?”

ಅರ್ಷಿಯಾ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಅವನು ಬರುವುದು ಅಬ್ಬಾನ ಕಥೆಗೋ... ಅಥವಾ?

ಸಂಜೆ ಸ್ಟೇಷನ್ನಿನಲ್ಲಿ ಅವಳ ಕಿಟಕಿಯ ಪಕ್ಕವೇ ನಿಲ್ಲುತ್ತಾನೆ, ನಿಜ. ಆದರೆ ಮೊದಲ ಬೋಗಿ ಎಂದರೆ ಎಂಜಿನ್ನಿನ ಪಕ್ಕವೂ ಹೌದಲ್ಲ!

ನೆಹರೂ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಬಂದವರ ಕಣ್ಣಿಗೆ ಗಾಜು ಬದಲಿಸುತ್ತ, “ಇದು ಸ್ಪಷ್ಟನಾ? ಈಗ? ಮೊದಲನೇದಾ, ಎರಡನೇದಾ?” ಎಂದು ಕೇಳುತ್ತ ಅವಳ ಮನಸ್ಸು ಇನ್ನೆಲ್ಲೋ ಇರುತ್ತಿತ್ತು.

“ನಿನ್ನ ಕಣ್ಣು ಯಾರು ಟೆಸ್ಟ್ ಮಾಡ್ಬೇಕು ಮಾರಾಯ್ತಿ?” ಜೊತೆಗೆ ಕೆಲಸ ಮಾಡುವ ಮಧುಶ್ರೀ ಕೆಣಕಿದಳು. “ಐದು ಗಂಟೆಯಿಂದ ಗಡಿಯಾರ ನೋಡ್ತೀಯ. ನೇರ ಕೇಳ್ಬಾರ್ದಾ ಅವನ್ನ?”

“ಏನಂತ ಕೇಳ್ಲಿ? ನನ್ನ ನೋಡ್ತೀಯೋ, ಎಂಜಿನ್ ನೋಡ್ತೀಯೋ ಅಂತಾನಾ?”

“ಹ್ಞೂ! ಹಂಗೇ ಕೇಳು!”

ಕೇಳಲು ಸಮಯ ಉಳಿದಿರಲಿಲ್ಲ. ದಾವಣಗೆರೆಯ ಒಂದು ಸಂಬಂಧಕ್ಕೆ ಅಮ್ಮಿ ಬಹಳ ದಿನದಿಂದ ಒತ್ತಾಯಿಸುತ್ತಿದ್ದಳು. ಬಟ್ಟೆ ಅಂಗಡಿಯವರು. ಒಳ್ಳೆಯ ಜನವೇ. ಆದರೆ ಹುಡುಗಿ ಕೆಲಸಕ್ಕೆ ಹೋಗುವುದು ಬೇಡ ಎಂದಿದ್ದರು. ಅರ್ಷಿಯಾಗೆ ಮೂವತ್ತು ತುಂಬಿತ್ತು. ‘ಇಲ್ಲ’ ಎನ್ನಲು ಅವಳ ಬಳಿ ಒಂದು ಕಾರಣ ಇರಬೇಕಿತ್ತು. ಆ ಕಾರಣ ಬಾಯಿಬಿಟ್ಟು ಮಾತಾಡಬೇಕಿತ್ತು!

ಅದೇ ವಾರ ರಾಹಿಲ್ ಫೋನ್ ಮಾಡಿದ. “ಚಾಚಾ, ಭಾನುವಾರ ನಿಮ್ಮ ಹತ್ರ ಒಂದು ಮುಖ್ಯವಾದ ಮಾತು ಕೇಳ್ಬೇಕು.”

ಮನೆಯಲ್ಲಿ ಹಬ್ಬವೇ ಆಯಿತು. ಅಮ್ಮಿ ಬೆಳಿಗ್ಗೆಯೇ ಬಿರಿಯಾನಿಗೆ ಮಾಂಸ ನೆನೆಸಿಟ್ಟಳು. “ದಾವಣಗೆರೆಯವರಿಗೆ ಏನೋ ಒಂದು ಹೇಳಿದ್ರಾಯ್ತು ಬಿಡು,” ಎಂದು ತಾನೇ ಅಂದಳು. ಅರ್ಷಿಯಾ ಅದೇ ಹಸಿರು ದುಪಟ್ಟಾ ಹೊದ್ದಳು. ತೆಗೆದಳು. ಮತ್ತೆ ಹೊದ್ದಳು.

ರಾಹಿಲ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದ. ಊಟ ಮಾಡಿದ. ನೀರು ಕುಡಿದ. ಇನ್ನೊಮ್ಮೆ ಕುಡಿದ. ಪರದೆಯ ಹಿಂದೆ ಅರ್ಷಿಯಾ ಕಿವಿಗೊಟ್ಟು ನಿಂತಿದ್ದಳು.

“ಹೇಳು ಬೇಟಾ.”

“ಚಾಚಾ... ಅದು...” ಅವನ ಕಣ್ಣು ಗೋಡೆಯ ಮೇಲೆಲ್ಲ ಅಲೆಯಿತು. ನಿವೃತ್ತಿಯ ದಿನ ಜೊತೆಗಾರರು ಗುಜರಿಯಿಂದ ಕೊಂಡು ಕೊಟ್ಟಿದ್ದ ಕೆಂಪು ಹಸಿರು ಗಾಜಿನ ಕೈದೀಪ ಅಲ್ಲಿ ತೂಗುತ್ತಿತ್ತು. “ಆ... ಆ ದೀಪ. ಒಂದು ವಾರಕ್ಕೆ ಕೊಡ್ತೀರಾ? ಫೋಟೋ ತೆಗೆದು ವಾಪಸ್ ಕೊಡ್ತೀನಿ.”

ಅಡುಗೆಮನೆಯಲ್ಲಿ ಅಮ್ಮಿಯ ಕೈಯ ಸೌಟು ಪಾತ್ರೆಗೆ ಬಡಿಯಿತು.

ದೀಪ! ಇಷ್ಟೆಲ್ಲ... ಒಂದು ದೀಪಕ್ಕೆ!

ಅವನು ಹೋದ ಮೇಲೆ ಅರ್ಷಿಯಾ ದುಪಟ್ಟಾ ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. “ಅಮ್ಮಿ, ದಾವಣಗೆರೆಯವರಿಗೆ ಬರೋಕೆ ಹೇಳಿ. ಮುಂದಿನ ಭಾನುವಾರ.”

“ಯೋಚಿಸಿ ಹೇಳು ಬೇಟಿ. ಅವರು ಬಂದ್ರೆ ಮಾತು ಮುಗಿಸಿಕೊಂಡೇ ಹೋಗ್ತಾರೆ.”

“ಮುಗಿಸ್ಲಿ.”

ವೀರಮ್ಮ ಮೊದಲ ದಿನವೇ ಹೇಳಿದ್ದಳಲ್ಲ... ಅವನಿಗೆ ಹೆಂಗಸರು ಕಣ್ಣಿಗೆ ಬೀಳುವುದಿಲ್ಲ ಎಂದು. ತಪ್ಪು ಯಾರದು? ಎಂಜಿನ್ನಿನ ಪಕ್ಕ ಕೂತು, ತನ್ನನ್ನೇ ನೋಡುತ್ತಾನೆ ಅಂದುಕೊಂಡವಳದಲ್ಲವೇ?

ಸೋಮವಾರದಿಂದ ಅವಳು ಪ್ಲಾಟ್‌ಫಾರ್ಮಿನ ಹಿಂದಿನ ತುದಿಗೆ ಹೋಗಿ, ಕೊನೆಯ ಬೋಗಿ ಹತ್ತತೊಡಗಿದಳು. ಎಂಜಿನ್ನಿನಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ. ಅವನ ಫೋನ್ ಬಂತು, ಎತ್ತಲಿಲ್ಲ. ಶುಕ್ರವಾರ ರೈಲು ಹೊರಟ ಮೇಲೆ ಯಾರೋ ಪ್ಲಾಟ್‌ಫಾರ್ಮಿನುದ್ದಕ್ಕೂ ಪ್ರತಿ ಕಿಟಕಿ ಇಣುಕುತ್ತ ಓಡಿಬಂದಂತಾಯಿತು. ಅವಳು ತಲೆ ತಗ್ಗಿಸಿ ಕೂತಳು.

ಶನಿವಾರ. ನಾಳೆ ದಾವಣಗೆರೆಯವರು.

ಆ ಸಂಜೆ ಸ್ಟೇಷನ್ನಿನ ಮುಂದಿನ ತುದಿಯಲ್ಲಿ ಏಳೆಂಟು ಜನ ಕ್ಯಾಮೆರಾ ಹಿಡಿದು ಸಾಲಾಗಿ ನಿಂತಿದ್ದರು.

“ಏನಂತೆ ವೀರಮ್ಮ ಅಲ್ಲಿ?”

“ಯಾವ್ದೋ ಹಳೇ ಇಂಜಿನ್ ಬರ್ತದಂತೆ ಕಣವ್ವ. ಇವತ್ತೇ ಕಡೇ ಸಲವಂತೆ. ನಿನ್ ಬಟ್ಟೆ ಅಡ್ಡ ಬಂದಿತ್ತಲ್ಲ ಅವತ್ತು, ಅದೇಯ!”

ಹಾಗಾದರೆ ಅವನೂ ಅಲ್ಲೇ. ಆ ಖಾಲಿ ಸಾಲು ತುಂಬುವ ದಿನ ಇದು.

ತುಂಬಿಕೊಳ್ಳಲಿ. ಅವಳು ಹಿಂದಿನ ತುದಿಗೆ ನಡೆದಳು. ಪ್ರತಿ ಹೆಜ್ಜೆಗೂ ತಿರುಗಿ ನೋಡಬೇಕೆನಿಸುತ್ತಿತ್ತು. ನೋಡಲಿಲ್ಲ.

ತಲೆ ಎತ್ತಿದಾಗ... ಕೊನೆಯ ಕಂಬದ ಕೆಳಗೆ ರಾಹಿಲ್ ನಿಂತಿದ್ದ!

ಕೈಯಲ್ಲಿ ಅಬ್ಬಾನ ದೀಪ. ಕೊರಳಲ್ಲಿ ಕ್ಯಾಮೆರಾ. ಅದರ ಮುಚ್ಚಳ ಕೂಡ ತೆಗೆದಿರಲಿಲ್ಲ.

“ಇಲ್ಲೇನ್ ಮಾಡ್ತಿದ್ದೀರ?” ಎಂದಳು. “ಎಂಜಿನ್ ನಿಲ್ಲೋದು ಆ ತುದೀಲಿ.”

“ಗೊತ್ತು.”

“ನಿಮ್ಮ ಜನ ಎಲ್ಲ ಅಲ್ಲಿದ್ದಾರೆ.”

“ಗೊತ್ತು ಅರ್ಷಿಯಾ.”

ಅವನ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಅವನು ಅದನ್ನು ಆಫ್ ಮಾಡಿದ. “ರುದ್ರೇಶ್... ನನ್ನ ಫ್ರೆಂಡು. ಅಲ್ಲಿ ಜಾಗ ಹಿಡಿದಿದ್ದಾನೆ.”

“ಹೋಗಿ ಮತ್ತೆ.”

“ನಾಳೆ ಯಾರೋ ಬರ್ತಾರಂತೆ ನಿಮ್ಮ ಮನೆಗೆ. ಚಾಚಾ ಫೋನಲ್ಲಿ ಹೇಳಿದ್ರು.”

“ಹೌದು. ಅವರಿಗೆ ದೀಪ ಬೇಡವಂತೆ.”

ಆ ಮಾತು ಅವನಿಗೆ ತಾಗಿತು. ಕಣ್ಣು ಕೆಳಗಾದವು.

“ನಾನು ದೀಪ ಕೇಳೋಕೆ ಬಂದಿರ್ಲಿಲ್ಲ. ರಾತ್ರಿಯೆಲ್ಲ ಮಾತು ಜೋಡಿಸ್ಕೊಂಡು ಬಂದಿದ್ದೆ. ಚಾಚಾ ನನ್ನ ತಟ್ಟೆಗೆ ಅವರ ಕೈಯಾರೆ ಬಡಿಸಿದ್ರು ನೋಡಿ... ಬಾಯಿ ಕಟ್ಟಿಹೋಯ್ತು. ರೈಲಿನ ಹೆಸರು ಹೇಳಿ ಒಳಗೆ ಬಂದೋನು, ಅವರ ಮಗಳನ್ನ ಕೇಳಿದ್ರೆ, ಇಷ್ಟು ದಿನ ಇದಕ್ಕೇ ಬರ್ತಿದ್ದನಾ ಅಂದ್ಕೊಂಡ್ರೆ? ಎಲ್ಲಾ ನಾಟಕ ಅಂದ್ಕೊಂಡ್ರೆ? ಗೋಡೆ ಮೇಲೆ ದೀಪ ಕಾಣ್ತು. ಕೇಳ್ಬಿಟ್ಟೆ. ನನ್ನಂಥ ಪೆದ್ದ...”

ದೂರದಲ್ಲಿ ಹಾರ್ನ್ ಕೇಳಿಸಿತು. ಹಳೆಯ ಡೀಸೆಲ್ಲಿನ ಆ ಗಡಸು ದನಿ!

“ಬಂತು,” ಎಂದಳು ಅವಳು.

“ಬರ್ಲಿ.”

ರೈಲು ಇದೇ ತುದಿಯಿಂದ ಒಳಗೆ ಬರಬೇಕಿತ್ತು. ಅವನ ಬೆನ್ನ ಹಿಂದೆ ಹಳಿ ನಡುಗತೊಡಗಿತು. ಎಂಜಿನ್ನು ದೊಡ್ಡದಾಗುತ್ತ, ಹೊಗೆ ಉಗುಳುತ್ತ ಬಂತು. ಯಾರೋ ಅದರ ಹಣೆಗೆ ಚೆಂಡುಹೂವಿನ ಹಾರ ಹಾಕಿದ್ದರು. ಹಾರದ ಕೆಳಗೆ ನಂಬರು, ಒಂದೊಂದು ಅಂಕಿಯೂ ಸ್ಪಷ್ಟ.

“ತಿರುಗಿ ರಾಹಿಲ್! ಇನ್ನು ಬರಲ್ಲ ಅದು!”

ಅವನು ತಿರುಗಲಿಲ್ಲ.

ಅವಳ ಮುಖ ನೋಡುತ್ತಲೇ ನಿಂತಿದ್ದ. ಎಂಜಿನ್ನು ಅವನ ಬೆನ್ನಿಗೆ ಬಿಸಿಗಾಳಿ ಬಡಿದು, ಪ್ಲಾಟ್‌ಫಾರ್ಮನ್ನೇ ಅದುರಿಸಿ ಹಾದುಹೋಯಿತು. ಆಮೇಲೆ ಬೋಗಿಗಳು, ಒಂದರ ಹಿಂದೆ ಒಂದು. ಕೊನೆಯದು ಅವರ ಪಕ್ಕದಲ್ಲಿ ಬಂದು ನಿಂತಿತು.

“ಚಾಚಾ ಹೇಳ್ತಿದ್ರಲ್ಲ,” ಎಂದ ಅವನು, “ಕೊನೇ ಬೋಗಿ ನೋಡೋವರೆಗೂ ಗಾಡಿ ಬಂತು ಅನ್ನೋ ಹಾಗಿಲ್ಲ ಅಂತ. ನಾನು ದಿನಾ ಎಂಜಿನ್ ನೋಡಿ ಮನೆಗೆ ಹೋಗ್ತಿದ್ದೆ. ಸೋಮವಾರದಿಂದ ಮೊದಲ ಬೋಗೀಲಿ ನೀವಿಲ್ಲ, ನಿನ್ನೆ ಓಡಿಬಂದಾಗ ಇದರಲ್ಲಿ ಕಂಡ್ರಿ... ಯಾವ ಎಂಜಿನ್ ಬಂತು, ಯಾವುದು ಹೋಯ್ತು, ಒಂದೂ ಬರೆದಿಲ್ಲ ನಾನು. ಬೇಕಾದ್ರೆ ಬುಕ್ ನೋಡಿ.”

ಅವನು ನೀಡಿದ ನೋಟ್‌ಬುಕ್ಕನ್ನು ಅವಳು ತೆರೆದು ನೋಡಿದಳು. ಸೋಮವಾರದಿಂದ ಶುಕ್ರವಾರದವರೆಗೆ ದಿನಾಂಕ ಮಾತ್ರ. ಪಕ್ಕದಲ್ಲಿ ಏನೂ ಇಲ್ಲ.

ಯಾರ ಕಣ್ಣಿಗೂ ಅವಳು ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

“ಏನಪ್ಪಾ!” ದೂರದಿಂದ ವೀರಮ್ಮ ಕೂಗಿದಳು. “ದಾರಿ ತಪ್ತೇನೋ? ಇಂಜಿನ್ನು ಆ ಕಡೆ!”

“ದಾರಿ ಸರಿಯಾಗೇ ಇದೆ ಅಜ್ಜಿ!” ಎಂದ ರಾಹಿಲ್, ಕಣ್ಣು ಕದಲಿಸದೆ.

ಅರ್ಷಿಯಾ ಫೋನ್ ತೆಗೆದಳು.

“ಅಮ್ಮಿ... ದಾವಣಗೆರೆಯವರಿಗೆ ಬರೋದು ಬೇಡ ಅಂತ ಹೇಳಿ. ಇಲ್ಲ, ಹುಚ್ಚು ಹಿಡಿದಿಲ್ಲ. ಅಬ್ಬಾಗೆ ಹೇಳಿ, ದೀಪ ಬರ್ತಿದೆ ಅಂತ. ಹ್ಞೂ... ಜೊತೇಲಿ ಅವರೂ ಬರ್ತಿದ್ದಾರೆ.”

ಆ ಕಡೆಯಿಂದ ಅಮ್ಮಿ ಕೇಳಿದ್ದು ಒಂದೇ ಮಾತು. “ಈ ಸಲಾನೂ ಬಿರಿಯಾನಿ ಮಾಡ್ಬೇಕಾ, ಅಥವಾ ಬರೀ ಚಹಾ ಸಾಕಾ?”

ಅರ್ಷಿಯಾ ಅಳುತ್ತಲೇ ನಕ್ಕಳು.

ಗಾರ್ಡ್ ಹಸಿರು ಬಾವುಟ ತೋರಿಸಿದ. ಇಬ್ಬರೂ ಕೊನೆಯ ಬೋಗಿ ಹತ್ತಿ ಬಾಗಿಲ ಬಳಿಯ ಸೀಟಿನಲ್ಲಿ ಕೂತರು, ಮಧ್ಯೆ ದೀಪ ಇಟ್ಟುಕೊಂಡು.

“ಟಿಕೆಟ್?” ಎಂದಳು ಅವಳು.

“ಮಧ್ಯಾಹ್ನವೇ ತಗೊಂಡೆ. ಭದ್ರಾವತಿಗೆ.”

“ನಾನು ಬೇಡ ಅಂದಿದ್ರೆ?”

“ದೀಪ ವಾಪಸ್ ಕೊಡೋಕೆ ಹೇಗೂ ಬರ್ಬೇಕಿತ್ತಲ್ಲ.”

“ಅಬ್ಬಾ ‘ಹೇಳು ಬೇಟಾ’ ಅಂದಾಗ ಗೋಡೆ ನೋಡೋ ಹಾಗಿಲ್ಲ.”

“ನೋಡಲ್ಲ. ನೀವು ಪರದೆ ಹಿಂದೆ ನಿಲ್ಲೋ ಹಾಗಿಲ್ಲ.”

“ನಿಲ್ಲಲ್ಲ.”

ರೈಲು ಶಿವಮೊಗ್ಗ ದಾಟಿತು. ಅವನು ನೋಟ್‌ಬುಕ್ ಮುಚ್ಚಿ ಜೇಬಿಗೆ ಹಾಕುತ್ತಿದ್ದಾಗ ಅವಳು ಮೆಲ್ಲನೆ ಅಂದಳು.

“ಆ ಎಂಜಿನ್ ನಂಬರ್... ನಾನು ನೋಡಿದೆ. ಪೂರ್ತಿ.”

ಅವನು ತಟ್ಟನೆ ತಿರುಗಿದ. “ಏನು?!”

“ಫೋಟೋ ಇಲ್ಲದೆ ಬರೆಯಲ್ಲ ಅಲ್ವಾ ನೀವು?”

“ಒಂದು... ಒಂದು ಸಲ ನಿಯಮ ಮುರೀತೀನಿ. ಹೇಳಿ ಅರ್ಷಿಯಾ!”

ಅವಳು ದೀಪದ ಹಸಿರು ಗಾಜನ್ನು ಅವನ ಕಡೆಗೆ ತಿರುಗಿಸಿದಳು.

“ನಿಕಾಹ್ ದಿನ ಹೇಳ್ತೀನಿ. ಅಲ್ಲಿವರೆಗೂ ಆ ಸಾಲು ಖಾಲಿ ಇರ್ಲಿ.”