ಕಡಿದ ಮೇಲೆ ಕಂಡ ಚೆಲುವು

“ಇದನ್ನೆಲ್ಲ ಕಡಿಯೋಕೆ ಯಾರು ಹೇಳಿದ್ದು ನಿಮಗೆ?”

ಬೆನ್ನ ಹಿಂದಿನ ದನಿಗೆ ಅವಳ ಕೈಯಲ್ಲಿದ್ದ ಕತ್ತರಿ ನಿಂತಿತು. ಆ ಮನೆಯ ಮಗ, ಶಾಲಾ ಬಸ್ಸಿನ ಡ್ರೈವರು, ಗೇಟಿನಲ್ಲಿ ನಿಂತಿದ್ದ. ಶರತ್ಕಾಲ ಮುಗಿಯುತ್ತಿದ್ದ ಆ ಹಿತ್ತಿಲಿನಲ್ಲಿ ಅರ್ಧ ತೋಟ ಆಗಲೇ ನೆಲಕ್ಕೊರಗಿತ್ತು.

“ನಿಮ್ಮ ಅಕ್ಕ... ಒಣಗಿದ್ದನ್ನೆಲ್ಲ ತೆಗೆದುಬಿಡು ಅಂದ್ರು.”

“ಅಮ್ಮ ಕೊನೇ ಸಲ ನೆಟ್ಟಿದ್ದು ಅವು.”

ಅಷ್ಟೇ ಹೇಳಿ ಒಳಗೆ ಹೋದ. ಬೈದಿದ್ದರಾದರೂ ಚೆನ್ನಾಗಿತ್ತು, ಅನ್ನಿಸಿತು ಅವಳಿಗೆ. ತೋಟದ ಕೆಲಸವೇ ಅವಳ ಹೊಟ್ಟೆಪಾಡು. ಎಷ್ಟು ಒಣಗಿಡ ಕಿತ್ತಿಲ್ಲ! ಯಾವುದೂ ಹೀಗೆ ಕರುಳು ಹಿಂಡಿರಲಿಲ್ಲ.

ಸುಡಲು ಮನಸ್ಸು ಬರಲಿಲ್ಲ. ಎಲ್ಲವನ್ನೂ ತನ್ನ ಕೋಣೆಗೆ ಹೊತ್ತೊಯ್ದು ಕಿಟಕಿಯ ಬಿಸಿಲಿಗೆ ಹರಡಿದಳು. ಸೇವಂತಿಗೆ ಹಳೆಯ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಕೋಳಿಜುಟ್ಟಿನ ಹೂವಿನಲ್ಲಿ ಕೆಂಪು ಇನ್ನೂ ಉಳಿದಿತ್ತು. ಸೂರ್ಯಕಾಂತಿ ಬಾಗಿದ ತಲೆಯ ತುಂಬ ಬೀಜ ಹೊತ್ತು ಮಲಗಿತ್ತು.

ಇಷ್ಟು ವರ್ಷ ನಾನು ಕಸ ಅಂದುಕೊಂಡಿದ್ದು ಇದನ್ನೇನಾ...

ಗೊಂಚಲು ಕಟ್ಟಿಕೊಂಡು ಅವನ ಬಾಗಿಲಿಗೆ ಹೋದಳು. ಅವನು ಮುಖ ತಿರುಗಿಸಿದ.

“ನನ್ನ ನೋಡೋಕೂ ಇಷ್ಟ ಇಲ್ಲ ಅಲ್ವಾ?”

“ನಿಮ್ಮ ಮೇಲಲ್ಲ ರೀ ಕೋಪ.” ಅವನು ಗೊಂಚಲಿನ ಒಣ ಎಲೆಯೊಂದನ್ನು ಮುಟ್ಟಿದ. “ಗಿಡಕ್ಕೆ ನೀರು ಹಾಕ್ತಿದ್ದೀಯಾ ಅಂತ ಅಮ್ಮ ಆಸ್ಪತ್ರೆಯಿಂದ ಕೇಳೋರು. ಹಾಕ್ತಿದ್ದೀನಿ ಅಂತ ಸುಳ್ಳು ಹೇಳ್ತಿದ್ದೆ. ಒಣಗಿಸಿದ್ದು ನಾನೇ.”

ಅವಳು ಸೂರ್ಯಕಾಂತಿಯ ಬೀಜವೊಂದನ್ನು ಉಗುರಿನಿಂದ ಸೀಳಿ ಅವನ ಅಂಗೈಗಿಟ್ಟಳು.

“ನೀರಿಲ್ಲದೆ ಸತ್ತಿದ್ರೆ ಇದು ಜೊಳ್ಳಾಗಿರೋದು. ನೋಡಿ, ತುಂಬಿದೆ. ಮಳೆ ಇವನ್ನ ಕಾಪಾಡಿದೆ. ಕಾಲ ತುಂಬಿ ಒಣಗಿವೆ, ಅಷ್ಟೆ.”

ಅವನು ಹೊಸ್ತಿಲ ಮೇಲೆ ಕುಳಿತು ಮಗುವಿನಂತೆ ಅತ್ತ. ಅವಳು ಪಕ್ಕದಲ್ಲಿ ಕುಳಿತಳು.

ಆಮೇಲೆ ಕೆಲಸವಿಲ್ಲದಿದ್ದರೂ ಒಂದಲ್ಲ ಒಂದು ನೆಪ ಹೂಡಿ ಬರತೊಡಗಿದಳು. ಚಳಿ ಬಲಿತ ಒಂದು ಮಧ್ಯಾಹ್ನ, ಪಾತಿ ಅಗೆಯುತ್ತಿದ್ದವಳು ತಡೆಯಲಾಗದೆ ಹೇಳಿಬಿಟ್ಟಳು.

“ಅವತ್ತು ಕಡಿಯದೇ ಇದ್ದಿದ್ರೆ ನೀವು ನನಗೆ ಸಿಗ್ತಿರಲಿಲ್ಲ. ನಿಮ್ಮಮ್ಮನ ಗಿಡ ಕಡಿದು ಖುಷಿಯಾಗಿದ್ದೀನಲ್ಲ... ಪಾಪ ಮಾಡ್ತಿದ್ದೀನಿ ಅನ್ಸುತ್ತೆ.”

ಅವನು ಅವಳ ಹತ್ತಿರ ಬಂದ.

“ಬಸ್ಸು ನಿಲ್ಲಿಸಿದ ತಕ್ಷಣ, ನೀವು ಬಂದಿರ್ತೀರ ಅಂತ ಓಡಿ ಬರ್ತೀನಿ. ಅಮ್ಮ ಇಲ್ಲದ ಮನೆಗೆ ಹೀಗೆ ಓಡಿ ಬರ್ತೀನಲ್ಲ ಅಂತ ನನಗೂ ನಾಚಿಕೆ.”

“ಹಾಗಾದ್ರೆ... ಏನು ಮಾಡೋದು?”

“ನಾಚಿಕೆ ಪಟ್ಕೊಂಡೇ ಮದುವೆ ಆಗೋಣ.”

ಅವಳು ಅಳುತ್ತಲೇ ನಕ್ಕಳು. “ಒಬ್ಬರೇ ನಾಚಿಕೆ ಪಡಬೇಡಿ ಮತ್ತೆ.”

“ಇಲ್ಲ,” ಎಂದು ಅವನು ಮಣ್ಣು ಮೆತ್ತಿದ ಅವಳ ಕೈ ಹಿಡಿದುಕೊಂಡ.